ದಿನಕ್ಕೆ ಎಷ್ಟು ಸೇದುತ್ತೀರಿ?

ಅಪ್ಪನ ಶ್ವಾಸಕೋಶದ ಶಸ್ತ್ರಚಿಕಿತ್ಸೆಗೆ ವೈದ್ಯರು ವಿಧಿಸಿದ ಷರತ್ತು ಒಂದೇ: ಮೊದಲು ಸಿಗರೇಟು ಬಿಡಬೇಕು. ಸ್ನಾತಕೋತ್ತರ ಪದವೀಧರನಾದ ಮಗ ಮನೆಯಲ್ಲಿರುವಾಗ ಇದೊಂದು ಸಮಸ್ಯೆಯೇ? ತಂಬಾಕು ಕಂಪನಿಗಳ ಹೊಣೆಗಾರಿಕೆಯನ್ನು ಪ್ರಶ್ನಿಸಿ ಉಗ್ರ ಲೇಖನ ಬರೆದವನು ನಾನು! ಪ್ಯಾರಾಗಳ ನಡುವೆ ಟೆರೇಸಿಗೆ ಹೋಗಿ ಒಂದೊಂದು ಸಿಗರೇಟು ಸೇದಿದ್ದೆನೆಂಬುದು ಬೇರೆ ಮಾತು.

ನಮ್ಮ ಮನೆಗೊಂದು ಅಲಿಖಿತ ಸಂವಿಧಾನವಿತ್ತು. ಉಡುಪಿ ಕಡೆಯವರಾದ ನಾವು ಹಿರಿಯರೆದುರು ಸೇದುವುದಿಲ್ಲ. ಹಿರಿಯರು ಮಕ್ಕಳೆದುರು ಸೇದುವುದಿಲ್ಲ. ಈ ಕೊಲ್ಲಿ ದೇಶದಲ್ಲಿ, ಅಲ್ ನಹ್ದಾ ಬಡಾವಣೆಯ ನಮ್ಮ ಕಟ್ಟಡದಲ್ಲಿ, ಅಪ್ಪನಿಗೆ ಹಿಂದಿನ ಪಾರ್ಕಿಂಗ್, ನನಗೆ ಟೆರೇಸ್. ಒಂದೇ ವಾಸನೆಯ ಶರ್ಟುಗಳನ್ನು ಅಮ್ಮ ಒಟ್ಟಿಗೇ ಒಗೆಯುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ.

ಆ ವರ್ಷವಷ್ಟೇ ಇಲ್ಲಿ ಇ-ಸಿಗರೇಟಿನ ಮಾರಾಟಕ್ಕೆ ಅನುಮತಿ ದೊರೆತಿತ್ತು. ನಾನು ಆಳವಾದ ಅಧ್ಯಯನ ಕೈಗೊಂಡೆ. ಗುಂಡಿಗಳಿಲ್ಲದ, ಬಾಯಿಗಿಟ್ಟು ಎಳೆದರೆ ಹಬೆ ಬರುವ ಪುಟ್ಟ ಉಪಕರಣವೇ ಹೊಸಬರಿಗೆ ಶ್ರೇಷ್ಠವೆಂದು ತೀರ್ಮಾನಿಸಿದೆ. ಗುಟ್ಟಾಗಿ ನಾನೂ ಬಿಡುವ ಸಂಕಲ್ಪ ಮಾಡಿ, ಅಪ್ಪನನ್ನು ಕರಾಮ ಪೇಟೆಯ ಇ-ಸಿಗರೇಟಿನ ಅಂಗಡಿಗೆ ಕರೆದೊಯ್ದೆ.

ಅಂಗಡಿಯವನು ಭಟ್ಕಳದವನು. "ಅಂಕಲ್, ದಿನಕ್ಕೆ ಎಷ್ಟು ಸೇದ್ತೀರಿ? ಅದರ ಮೇಲೆ ನಿಕೋಟಿನ್ ಎಷ್ಟು ಬೇಕು ಹೇಳ್ತೇನೆ."

ಅಪ್ಪ ಓರೆಗಣ್ಣಿನಿಂದ ನನ್ನನ್ನು ನೋಡಿದರು. "ಒಂದೋ ಎರಡೋ. ಅದೂ ಊಟ ಆದ ಮೇಲೆ."

"ಭಾಯಿ, ನೀವು?"

"ನಾನು ಸೇದುವುದೇ ಇಲ್ಲ."

"ಮತ್ತೆ ನಿಮಗೆ ಯಾಕೆ?"

"ಅಪ್ಪನಿಗೆ ಜೊತೆ ಕೊಡಲಿಕ್ಕೆ."

ಅಪ್ಪನಿಗೆ ಎಲ್ಲಕ್ಕಿಂತ ಕಡಿಮೆ ನಿಕೋಟಿನ್ ಸಿಕ್ಕಿತು. ನನಗೆ ಬರೀ ಮಾವಿನ ಹಣ್ಣಿನ ಹಬೆ!

"ಎಂತದು ಮಾರಾಯ, ಗಾಳಿ ಕುಡಿದ ಹಾಗೆ ಉಂಟು," ಎಂದರು ಅಪ್ಪ.

"ಮನೆಯೆಲ್ಲ ಜ್ಯೂಸ್ ಅಂಗಡಿ ಮಾಡಿದ್ರಿ!" ಎಂದಳು ಅಮ್ಮ.

ಕೆಲವೇ ದಿನಗಳಲ್ಲಿ ಸಂಕಲ್ಪ ಕುಸಿಯಿತು. ಟೆರೇಸಿಗೆ ಬೀಗ ಬಿದ್ದಿತ್ತು. ಪ್ಯಾಕೆಟ್ಟು ಹಿಡಿದು ಪಾರ್ಕಿಂಗಿಗೆ ಇಳಿದೆ. ಸಿಗರೇಟು ಹಚ್ಚಿ ಕಂಬ ಬಳಸಿ ಹೋದರೆ, ಎದುರಿಗೆ ಅಪ್ಪ! ಇಬ್ಬರ ಕೈಗಳೂ ಏಕಕಾಲಕ್ಕೆ ಬೆನ್ನ ಹಿಂದೆ ಹೋದವು.

"ವಾಕಿಂಗಾ, ಮಗಾ?"

"ಹೌದಪ್ಪ. ನೀವು?"

"ನಾನೂ."

ಎರಡು ಬೆನ್ನುಗಳ ಹಿಂದಿನಿಂದ ಎದ್ದ ಹೊಗೆ ನಮ್ಮ ತಲೆಗಳ ಮೇಲೆ ಒಂದಾಯಿತು. ಇಬ್ಬರೂ ಅದನ್ನು ನೋಡಲಿಲ್ಲ.

ಮರುದಿನ ಒಬ್ಬನೇ ಅಂಗಡಿಗೆ ನುಗ್ಗಿ ಗುಡುಗಿದೆ: "ಈ ಉಪಕರಣದ ವೈಫಲ್ಯಕ್ಕೆ ಹೊಣೆ ಯಾರು? ನನಗೆ ಉತ್ತರ ಬೇಕು!"

"ನೀವು ಹೇಳಿದ ಹಾಗೇ ಕೊಟ್ಟದ್ದು, ಭಾಯಿ. ಅಂಕಲ್ ನಿಜವಾಗಿ ಎಷ್ಟು ಸೇದ್ತಾರೆ?"

ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕೇಳಬಹುದಿತ್ತು. ಜಗತ್ತನ್ನೆಲ್ಲ ಪ್ರಶ್ನಿಸುವ ನನಗೆ ಅಪ್ಪನನ್ನು ಅದೊಂದು ಪ್ರಶ್ನೆ ಕೇಳಲಾಗಲಿಲ್ಲ.

"ಬಿಟ್ಟಿದ್ದೀರಾ?" ಎಂದರು ವೈದ್ಯರು. ನಾನು ಪಕ್ಕದಲ್ಲೇ ಕೂತಿದ್ದೆ. "ಬಿಟ್ಟೆ," ಎಂದರು ಅಪ್ಪ. ರಕ್ತಪರೀಕ್ಷೆ ಬೇರೆಯೇ ಹೇಳಿತು. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಮುಂದಕ್ಕೆ ಹೋಯಿತು. ರೋಗ ಮಾತ್ರ ಯಾರಿಗಾಗಿಯೂ ಕಾಯಲಿಲ್ಲ.

ಅಪ್ಪ ಹೋದ ಮೇಲೆ, ಈ ಸಲ ಬಿಟ್ಟೇ ತೀರುವೆನೆಂದು ಅದೇ ಅಂಗಡಿಗೆ ಹೋದೆ. ಅಂಗಡಿಯವನು ಗುರುತು ಹಿಡಿದು, ಮೆಲ್ಲಗೆ ಕೇಳಿದ: "ದಿನಕ್ಕೆ ಎಷ್ಟು, ಭಾಯಿ?"

ಪಕ್ಕಕ್ಕೆ ನೋಡಿದೆ. ಯಾರೂ ಇರಲಿಲ್ಲ. ಈಗಲಾದರೂ ನಿಜ ಹೇಳಬಹುದಿತ್ತು.

"ಒಂದೋ ಎರಡೋ," ಎಂದೆ. "ಅದೂ ಊಟ ಆದ ಮೇಲೆ."