ರೇಂಜ್‌ಫೈಂಡರಿನಲ್ಲಿ ಮಗಳ ಜಲ್ವಾ

ಮಗಳ ಮದುವೆಗೆ ನಾನು ಮಾಡಿದ ಏಕೈಕ ಘನಕಾರ್ಯವೆಂದರೆ ಕ್ಯಾಮೆರಾ ಕೊಂಡದ್ದು. ಸಾಮಾನ್ಯ ಕ್ಯಾಮೆರಾ ಅಲ್ಲ, ರೇಂಜ್‌ಫೈಂಡರ್! ಬೆಲೆ ಇಲ್ಲಿ ಬರೆಯಲಾರೆ. ನನ್ನ ಹೆಂಡತಿ ನಸೀಮಾಗೆ ಓದಲು ಬರುತ್ತದೆ.

ಅದರ ಗುಣಗಾನ ಮಾಡದಿದ್ದರೆ ಪಾಪ ಸುತ್ತಿಕೊಂಡೀತು. ಚಿಕ್ಕ ಗಾತ್ರ, ಲೋಹದ ಮೈ. ಒತ್ತಿದರೆ ಸದ್ದೇ ಇಲ್ಲ. ಲೆನ್ಸು ಬೇಕಾದದ್ದನ್ನು ಕೂದಲೆಳೆಯಷ್ಟು ಸ್ಪಷ್ಟವಾಗಿ ಹಿಡಿದು, ಬೇಡವಾದದ್ದನ್ನು ಬೆಣ್ಣೆಯಂತೆ ಕರಗಿಸುತ್ತದೆ. ಕೊರತೆ? ತಾನಾಗಿ ಫೋಕಸ್ ಆಗುವುದಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಒಂದು ವಸ್ತು ಎರಡಾಗಿ ಕಾಣುತ್ತದೆ. ಲೆನ್ಸು ತಿರುಗಿಸಿ ಎರಡನ್ನೂ ಕೂಡಿಸಬೇಕು, ಆಗ ಅಷ್ಟು ದೂರದಲ್ಲಿರುವುದು ಮಾತ್ರ ಸ್ಪಷ್ಟ. ತೆಗೆದದ್ದನ್ನು ನೋಡಲು ಹಿಂದೆ ಪರದೆಯೂ ಇಲ್ಲ.

"ಪರದೆ ಇಲ್ಲದ್ದು ಯಾರು ಕೊಟ್ರೀ ನಿಮಗ? ಮೋಸ ಹೋಗೀರಿ," ಎಂದಳು ನಸೀಮಾ.

"ಪರದೆ ಬೇಕಾಗೋದು ಕಲಿಯೋರಿಗೆ. ನಾ ವಿಜ್ಞಾನ ಮಾಸ್ತರ ಅದೀನಿ!"

ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡಿ, ಮಸೂರಗಳ ಪಾಠ ಮಾಡುತ್ತಲೇ ನನ್ನ ಕೂದಲು ನರೆತಿದೆ.

ಮದುವೆ ಸಿಂಧನೂರಿನ ಶಾದಿಮಹಲಿನಲ್ಲಿ. ನಿಕಾಹ್ ಮುಗಿದ ಮೇಲೆ ನಮ್ಮಲ್ಲಿ ಜಲ್ವಾ. ಮದುಮಕ್ಕಳ ತಲೆಯ ಮೇಲೆ ಕೆಂಪು ದುಪಟ್ಟಾ ಹಿಡಿದು, ಮುಂದೆ ಕನ್ನಡಿ ಇಡುತ್ತಾರೆ. ಅವರು ಒಬ್ಬರನ್ನೊಬ್ಬರು ಅದರಲ್ಲೇ ಮೊದಲು ನೋಡಬೇಕು. ಹೆಂಗಸರ ಆ ಕೋಣೆಗೆ ಬಾಡಿಗೆ ಫೋಟೋಗ್ರಾಫರನಿಗೆ ಪ್ರವೇಶವಿಲ್ಲ. ಹುಡುಗಿಯ ಅಪ್ಪನೆಂದು ನನ್ನನ್ನು ಬಿಟ್ಟರು.

ಮಗಳು ರೇಷ್ಮಾ ಮೊದಲೇ ಹೇಳಿದ್ದಳು: "ಅಬ್ಬಾ, ಬ್ಯಾರೆ ಏನೂ ಬ್ಯಾಡ. ಜಲ್ವಾದ್ದು ಒಂದು ಫೋಟೋ ಚೊಲೋ ತೆಗೀರಿ, ಸಾಕು."

ಕನ್ನಡಿ ನನ್ನ ನಾದಿನಿ ಗುಲ್ಜಾರಳ ಉಡುಗೊರೆ. ಚೌಕಟ್ಟಿನ ಮೇಲೆ ದಪ್ಪಕ್ಷರದಲ್ಲಿ "ಗುಲ್ಜಾರ್ ಮತ್ತು ಮನೆಯವರು, ಲಿಂಗಸುಗೂರು" ಎಂದು ಬರೆಸಿದ್ದಳು. ನಮ್ಮ ಕಡೆ ಹೆಸರಿಲ್ಲದ ಉಡುಗೊರೆ ಉಡುಗೊರೆಯೇ ಅಲ್ಲ!

ಹೆಂಗಸರೆಲ್ಲ ಮೊಬೈಲ್ ಎತ್ತಿದರು. ನಾನು ಸಿಡುಕಿದೆ.

"ಎಲ್ಲಾ ಒಳಗ ಇಡ್ರಿ! ನಿಮ್ಮ ಫ್ಲ್ಯಾಶ್ ಹೊಡದ್ರ ನನ್ನ ಫೋಟೋ ಕೆಡ್ತೈತಿ."

"ಭಾಯಿ, ಇರಲಿ ಅಂತ ನಂದೂ ಒಂದು..." ಎಂದಳು ಗುಲ್ಜಾರ್.

"ಇಂಥಾ ಕ್ಯಾಮೆರಾ ಇರೂಮುಂದ ನಿನ್ನ ಡಬ್ಬಿ ಯಾಕವಾ?"

ಅವಳು ಮುಖ ಊದಿಸಿಕೊಂಡು ಮೊಬೈಲನ್ನು ಪರ್ಸಿಗೆ ತುರುಕಿದಳು.

ದುಪಟ್ಟಾದ ಕೆಳಗೆ ಕತ್ತಲು. ಕಿಂಡಿಯಲ್ಲಿ, ಕನ್ನಡಿಯೊಳಗಿನ ರೇಷ್ಮಾಳ ಎರಡು ಮಸುಕು ಮುಖಗಳು. ತಿರುಗಿಸಿದೆ. ಕೂಡಲೊಲ್ಲವು. ಮತ್ತೆ ತಿರುಗಿಸಿದೆ.

"ತಡೀರಿ, ತಡೀರಿ!"

"ಏನ್ ತಡೀಬೇಕ್ರಿ? ಅವರು ನೋಡಿ ಮುಗಸಾಕತ್ತಾರ!" ಎಂದಳು ನಸೀಮಾ.

ಆಗ ಉಪಾಯ ಹೊಳೆಯಿತು. ಚೌಕಟ್ಟಿನ ಅಕ್ಷರಗಳು ಸ್ಪಷ್ಟವಾಗಿದ್ದವು, ಅವನ್ನೇ ಕೂಡಿಸಿದೆ. ಮುಖ ಅದೇ ಕನ್ನಡಿಯಲ್ಲಿ ತಾನೇ ಇರುವುದು? ಒತ್ತಿದೆ. ಸದ್ದೇ ಆಗಲಿಲ್ಲ. ದುಪಟ್ಟಾ ತೆಗೆದರು, ಎಲ್ಲರೂ ನಕ್ಕರು.

ಮರುದಿನ ಕಂಪ್ಯೂಟರಿನಲ್ಲಿ ನೋಡಿದೆವು. ಗುಲ್ಜಾರಳ ಹೆಸರಿನ ಬಣ್ಣ ಬಿರಿದದ್ದೂ ಕಾಣುತ್ತಿತ್ತು. ಮಗಳು, ಅಳಿಯ ಬೆಣ್ಣೆಯಂತೆ ಕರಗಿದ್ದರು. ವಸ್ತು ಕನ್ನಡಿಯ ಮುಂದೆ ಎಷ್ಟು ದೂರವೋ, ಪ್ರತಿಬಿಂಬ ಅದರ ಹಿಂದೆ ಅಷ್ಟೇ ದೂರ! ನಾನು ಕೂಡಿಸಿದ್ದು ಚೌಕಟ್ಟಿನ ದೂರಕ್ಕೆ, ಮುಖಗಳಿದ್ದದ್ದು ಅದಕ್ಕಿಂತ ಹಿಂದೆ. ಇದನ್ನು ಹೇಳಲಾಗದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ನನ್ನ ದಡ್ಡತನಕ್ಕೆ ಬೇಕಾಯಿತು.

ಫೋಟೋ ಕಳಿಸಿದೆ. ತುರ್ವಿಹಾಳದ ಗಂಡನ ಮನೆಯಿಂದ ರೇಷ್ಮಾ ಫೋನ್ ಮಾಡಿ, "ಇರ್ಲಿ ಬಿಡ್ರಿ, ಅಬ್ಬಾ," ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀವು ಹತ್ರಾನ ಇದ್ರಲ್ಲ," ಎಂದಳು ನಸೀಮಾ. "ಅಕಿ ಮುಖ ಹೆಂಗಿತ್ತು, ಅದನ್ನಾರ ಹೇಳ್ರಿ."

ಹೇಳಲು ನಾನು ನೋಡಿದ್ದರಲ್ಲವೇ? ಎರಡು ಮುಖ ಕೂಡಿಸುವ ಭರದಲ್ಲಿ ಮಗಳ ಒಂದು ಮುಖವನ್ನೂ ನೋಡಲಿಲ್ಲ.

ಆ ಫೋಟೋದ ಪ್ರತಿ ಕೇಳಿದವಳು ಗುಲ್ಜಾರ್ ಒಬ್ಬಳೇ. ಕಟ್ಟು ಹಾಕಿಸಿ ಲಿಂಗಸುಗೂರಿನ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ಬಂದವರಿಗೆಲ್ಲ ತೋರಿಸುತ್ತಾಳಂತೆ: "ನಮ್ಮ ಭಾಯಿ ತೆಗೆದದ್ದು. ಏನ್ ಕ್ಯಾಮೆರಾ ಅಂತೀರಿ!"