ಪೂರ್ತಿ ಸಾಯದ ಗಂಡ

ಸುಧ: ಅಲ್ಲ ಶೋಯಬಣ್ಣ, ನನ್ ಗಂಡ ಕಿಡ್ನಿ ದಾನ ಮಾಡವ್ರೆ, ಕದ್ದಿಲ್ಲ. ಅವ್ರಿಗೆ ವಿಮೆ ಯಾಕ್ ಕೊಡಾಕಿಲ್ಲ?

ಶೋಯಬ್: ಅರೆ, ಕೊಡಾಕಿಲ್ಲ ಅಂತ ಯಾವಾಗ ಅಂದೆ ಅಕ್ಕಾ? ಡಾಕ್ಟ್ರ ರಿಪೋರ್ಟು ಬೇಕು ಅಂದೆ. ಉಳಿದಿರೋ ಕಿಡ್ನಿ ನೆಟ್ಟಗಿದ್ರೆ ಪಾಲಿಸಿ ಆಯ್ತದೆ.

ಚಿಕ್ಕಸ್ವಾಮಿ: ಬುಡಪ್ಪ ಅತ್ಲಾಗೆ. ಹಿಂದ್ಲ ಏಜೆಂಟು ಸೆಕೆಂಡ್‌ಹ್ಯಾಂಡ್ ಗಾಡಿ ನೋಡ್ದಂಗೆ ನನ್ನ ನೋಡ್ಬುಟ್ಟು ಎದ್ದೋದ. ಬಲೇ ಬೇಜಾರಾಯ್ತು ಕಣಪ್ಪ.

ಚಿನಕುರಳಿ ಊರಿನ ಆ ಮನೆಯ ಜಗಲಿಯ ಮೂಲೆಯಲ್ಲಿ ಸುಧಳ ತಾಯಿ ಮಂಚಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ದಾನದ ಕಿಡ್ನಿ ಈಗ ಕೆಲಸ ಮಾಡುತ್ತಿರುವುದು ಇವರ ಹೊಟ್ಟೆಯಲ್ಲೇ. ಅಳಿಯನಿಂದ ಬಂದದ್ದು ಕಿಡ್ನಿ ಮಾತ್ರ; ನಾಲಿಗೆ ಅವರದೇ, ಮೊದಲಿನಷ್ಟೇ ಚುರುಕು. ಚಿಕ್ಕಸ್ವಾಮಿ ಓಡಿಸುವುದು ಕಲ್ಲುಕ್ವಾರಿಯ ಲಾರಿ. ಅವನಿಗೇನಾದರೂ ಆದರೆ ಮಕ್ಕಳ ಗತಿಯೇನು ಎಂಬ ಭಯ ಸುಧಳಿಗೆ.

ಸುಧ: ಪಾಲಿಸಿ ಕೊಟ್ಬುಟ್ಟು ಆಮೇಲೆ ಕಂಪ್ನಿಯೋರು ತಕರಾರು ತೆಗೀಬಾರ್ದು.

ಶೋಯಬ್: ಎಂಥಾ ತಕರಾರು?

ಸುಧ: ಈಗ ಇವ್ರು ಸತ್ತೋದ್ರು ಅನ್ಕಳಿ...

ಚಿಕ್ಕಸ್ವಾಮಿ: ಲೇ, ಇಲ್ಲೇ ಕುಂತಿವ್ನಲ್ಲೇ!

ಸುಧ: ಸುಮ್ಕಿರಿ. ಇವ್ರು ಸತ್ತೋದ್ರು, ಇವ್ರ ಕಿಡ್ನಿ ನಮ್ಮವ್ವನ ಒಳ್ಗೆ ಬದ್ಕೈತೆ. ಆಗ ಕಂಪ್ನಿಯೋರು, ‘ನಿನ್ ಗಂಡ ಇನ್ನೂ ಪೂರ್ತಿ ಸತ್ತಿಲ್ಲ ಕಣಮ್ಮ’ ಅಂದ್ಬುಟ್ರೆ?

ಶೋಯಬ್: ಯಾ ಅಲ್ಲಾ! ಅಂಗೆಲ್ಲಾ ಅನ್ನಾಕಿಲ್ಲ.

ಚಿಕ್ಕಸ್ವಾಮಿ: ಇರಪ್ಪ, ಅವಳ ಮಾತಲ್ಲಿ ಪಾಯಿಂಟೈತೆ. ನಮ್ಮತ್ತೆನೇ ಮೊದ್ಲು ಒಂಟೋದ್ರೆ, ನಾನೊಂದಷ್ಟು ಸತ್ತಂಗೇ ಅಲ್ವಾ? ಅರ್ಧ ದುಡ್ಡಾದ್ರೂ ಬತ್ತದಾ?

ಮಂಚಮ್ಮ: ನೋಡ್ದಾ! ನನ್ನ ಮಣ್ಣಿಗಾಕೋಕೆ ಮುಂಚೇನೇ ಪಾಲು ಕೇಳ್ತಾವ್ನೆ.

ಶೋಯಬ್ ಕರ್ಚೀಫು ತೆಗೆದು ಹಣೆ ಒರೆಸಿಕೊಂಡ.

ಶೋಯಬ್: ದುಡ್ಡು ಕಂತಲ್ಲಿ ಕಟ್ಬೋದಣ್ಣ, ಕಂತಲ್ಲಿ ಸಾಯಾಕಾಗಾಕಿಲ್ಲ. ಬುಡಿ ಅದ್ನ. ಬೀಡಿ, ಎಣ್ಣೆ ಏನಾರಾ ಅಭ್ಯಾಸ ಐತಾ?

ಚಿಕ್ಕಸ್ವಾಮಿ: ಚೇ! ಮುಟ್ಟಾಕಿಲ್ಲ.

ಮಂಚಮ್ಮ: ಎಣ್ಣೆ ಮುಟ್ಟಾಕಿಲ್ಲ, ನಿಜ. ಬೀಡಿನ ಹುಲ್ಲಿನ್ ಮೆದೆ ಹಿಂದೆ ನಿಂತ್ಕಂಡು ದಿನಾ ಎಳೀತಾನೆ. ಬರ್ಕೊಳಪ್ಪ.

ಶೋಯಬ್: ಅಂಗಾದ್ರೆ ಕಂತು ಜಾಸ್ತಿ ಆಯ್ತದಣ್ಣ. ಕಿಡ್ನಿ ಕೊಟ್ಟಿದ್ದಕ್ಕಲ್ಲ, ಬೀಡಿಗೆ.

ಚಿಕ್ಕಸ್ವಾಮಿ: ಅತ್ತೆ! ಹೊಟ್ಟೆ ಕುಯ್ಸ್ಕಂಡು ಜೀವ ಉಳಿಸ್ದೋನ್ಗೆ ಇಂಗಾ ಮಾಡಾದು?

ಮಂಚಮ್ಮ: ನಿನ್ ಒಳ್ಳೇದಕ್ಕೇ ಯೋಳಿದ್ದು ಕಣಪ್ಪ. ಇರಾದು ಒಂದೇ. ಅದ್ನ ಜ್ವಾಪಾನವಾಗಿ ಇಟ್ಕೋ.

ಅತ್ತೆಯ ಬಾಯಲ್ಲಿ ಇಂಥ ಅಕ್ಕರೆಯ ಮಾತು ಅವನು ಕೇಳಿದ್ದೇ ಇಲ್ಲ. ಜೇಬಿನಿಂದ ಬೀಡಿಕಟ್ಟು ತೆಗೆದು ಅವರ ಕೈಗಿಟ್ಟ.

ಚಿಕ್ಕಸ್ವಾಮಿ: ತಗಳಿ. ಇವತ್ತಿಂದ ಬುಟ್ಟೆ. ನನ್ ಮೇಲೆ ಇಷ್ಟು ಪ್ರೀತಿನಾ ಅತ್ತೆ?

ಮಂಚಮ್ಮ: ಇಲ್ದೆ ಇರ್ತದಾ? ನಾಳೆ ನೀನ್ ಕೊಟ್ಟಿರಾದು ಕೆಟ್ಟೋದ್ರೆ, ಇನ್ನೊಂದಕ್ಕೆ ನಾನ್ ಎಲ್ಲಿಗಪ್ಪ ಓಗ್ಲಿ?