ಬೇಗ ಕಟ್ಟಿದ್ದಕ್ಕೆ ದಂಡ

ನನಗೆ ಸಿಟ್ಟು ಮಾಡಿಕೊಳ್ಳಲು ಬರುವುದಿಲ್ಲ. ಸಿಟ್ಟೇ ಬರುವುದಿಲ್ಲ ಎಂದಲ್ಲ. ಬಂದದ್ದನ್ನು ಹೊರಗೆ ಹಾಕುವ ವಿದ್ಯೆ ಕಲಿತಿಲ್ಲ. ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದವಳು. ಕಾಲ್ಚೀಲ ಮೊಣಕಾಲಿನವರೆಗೆ ಎಳೆದುಕೊಳ್ಳುವುದು, ಬಾಯಿ ಮುಚ್ಚಿ ಅಗಿಯುವುದು, ಸದ್ದಾಗದಂತೆ ಬಾಗಿಲು ಹಾಕುವುದು ಎಲ್ಲವನ್ನೂ ಸಿಸ್ಟರುಗಳು ಕಲಿಸಿದರು. ಜಗಳವಾಡುವುದನ್ನು ಮಾತ್ರ ಸಿಲಬಸ್ಸಿನಲ್ಲಿ ಇಟ್ಟಿರಲಿಲ್ಲ. ಹಾಗಾಗಿ ಮೈಯೆಲ್ಲ ಉರಿದು ಹೋದಾಗಲೂ ನನ್ನ ಬಾಯಿಂದ ಬರುವುದು "ಎಕ್ಸ್‌ಕ್ಯೂಸ್ ಮಿ" ಅಷ್ಟೇ. ಕಳೆದ ತಿಂಗಳು ಮೂಡಿಗೆರೆಯ ಮೊಬೈಲ್ ಅಂಗಡಿಯಲ್ಲಿ ಅದನ್ನು ಹನ್ನೊಂದು ಸಲ ಹೇಳಿದೆ.

ನಮ್ಮ ತೋಟ ಇರುವುದು ಕಳಸದಿಂದ ಸ್ವಲ್ಪ ಆಚೆ. ಮನೆಯೊಳಗೆ ವೈಫೈ ಇದೆ, ನೆಟ್‌ವರ್ಕ್ ಇಲ್ಲ. ಈಗಿನ ಫೋನುಗಳಲ್ಲಿ ವೈಫೈಯಿಂದಲೇ ಕಾಲ್ ಮಾಡಬಹುದಂತೆ. ಅದೊಂದೂ ಗೊತ್ತಿಲ್ಲದೆ, ಬಣ್ಣ ಚೆನ್ನಾಗಿದೆ ಅಂತ ನಾನು ಕಂತಿನ ಮೇಲೆ ತಂದುಕೊಂಡ ಫೋನಿಗೆ ಆ ಭಾಗ್ಯವಿಲ್ಲ. ಮಾತಾಡಬೇಕೆಂದರೆ ಕಾಫಿ ಒಣಗಿಸುವ ಕಣದ ಮೂಲೆಗೇ ಹೋಗಿ ನಿಲ್ಲಬೇಕು. ಅಲ್ಲಿ ನಾಲ್ಕು ಜನ ಹೆಂಗಸರು ಕಾಫಿ ಹರವಿಕೊಂಡು ಕೆದಕುತ್ತಿರುತ್ತಾರೆ. ಚಿಕ್ಕಮಗಳೂರಿನಲ್ಲಿರುವ ನನ್ನ ಅಕ್ಕನ ಹತ್ತಿರ ಅತ್ತೆಯವರ ವಿಷಯವೋ ಸೊಂಟನೋವಿನ ವಿಷಯವೋ ಶುರುಮಾಡಿದೆನೋ, ಕೆದಕುವ ಸದ್ದು ತಟ್ಟನೆ ನಿಲ್ಲುತ್ತದೆ. ಒಂದು ದಿನ ನಾನು ಫೋನಿಟ್ಟ ಕೂಡಲೇ ಒಬ್ಬಳು, "ನಿಮ್ಮಕ್ಕ ಹೇಳಿದ ಎಣ್ಣೆ ಹಚ್ಬೇಡಿ ಅಮ್ಮಾವ್ರೆ, ಅದು ಉಷ್ಣ" ಎಂದಳು. ನಾನು ಹೇಳಿದ್ದು ಕೇಳಿಸಿದರೆ ಸರಿ, ಅಕ್ಕ ಹೇಳಿದ್ದೂ ಕೇಳಿಸಿತೇ! ಅಕ್ಕ ಕಾನ್ವೆಂಟಿಗೆ ಹೋದವಳಲ್ಲ ನೋಡಿ, ಅವಳ ದನಿಗೆ ಫೋನೇ ಬೇಡ.

ಅವತ್ತೇ ತೀರ್ಮಾನ ಮಾಡಿದೆ. ಉಳಿದ ಕಂತುಗಳನ್ನೆಲ್ಲ ಒಂದೇ ಸಲ ಕಟ್ಟಿ, ಈ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಮನೆಯೊಳಗೆ ಕೂತು ಗುಟ್ಟಾಗಿ ಮಾತಾಡಲು ಬರುವ ಒಂದು ಫೋನು ತರುವುದು. ದುಡ್ಡೂ ನನ್ನದೇ, ಉದುರಿದ ಕಾಳುಮೆಣಸು ಆರಿಸಿ ಮಾರಿದ್ದು.

"ಲೋನ್ ಕ್ಲೋಸ್ ಆಗ್ದೆ ಎಕ್ಸ್‌ಚೇಂಜ್ ಆಗಲ್ಲ ಮೇಡಂ" ಎಂದರು ಅಂಗಡಿಯವರು.

"ಕ್ಲೋಸ್ ಮಾಡೋಕೇ ಬಂದಿರೋದು."

"ಹಾಗಾದ್ರೆ ಫೋರ್‌ಕ್ಲೋಷರ್ ಚಾರ್ಜ್ ಬೀಳುತ್ತೆ."

"ಹಂಗಂದ್ರೆ?"

"ಬೇಗ ಕಟ್ಟಿದ್ದಕ್ಕೆ."

"ಲೇಟಾಗಿ ಕಟ್ಟಿದ್ರೆ?"

"ಅದಕ್ಕೂ ಇದೆ ಮೇಡಂ" ಎಂದರು, ನನಗೆ ಸಮಾಧಾನವಾಗಲಿ ಎಂಬಂತೆ.

ಎಕ್ಸ್‌ಕ್ಯೂಸ್ ಮಿ! ನಮ್ಮ ಶಾಲೆಯ ಲೈಬ್ರರಿಯಲ್ಲೂ ತಡಮಾಡಿದರೆ ದಂಡವಿತ್ತು. ಆದರೆ ಪುಸ್ತಕ ಬೇಗ ತಂದುಕೊಟ್ಟ ಮಗುವಿನ ಕಿವಿ ಹಿಂಡಿದ ಸಿಸ್ಟರನ್ನು ನಾನಂತೂ ಕಂಡಿಲ್ಲ. ಕೊನೆಗೆ ಅಂಗಡಿಯವರು ಸಾಲ ಕೊಟ್ಟ ಕಂಪನಿಗೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಆ ಕಡೆ ಒಬ್ಬ ಹುಡುಗಿ, ಜೇನು ಸುರಿಯುವ ದನಿ. "ಇಷ್ಟು ಬೇಗ ಯಾಕೆ ಮೇಡಂ? ನಮ್ಮಿಂದ ಏನಾದ್ರೂ ತೊಂದ್ರೆ ಆಯ್ತಾ? ಬೇಕಿದ್ರೆ ಇನ್ನೊಂದು ಲೋನ್ ಮಾಡ್ಕೊಡೋಣ. ನಿಮ್ಮ ಯಜಮಾನ್ರನ್ನ ಒಂದು ಮಾತು ಕೇಳಿದ್ರಾ?" ಮೂವತ್ತು ವರ್ಷ ಸಂಸಾರ ಮಾಡಿದ ನನಗೆ, ಮೆಣಸು ಆರಿಸಿದ ದುಡ್ಡನ್ನು ಕೊಡಲು ಯಜಮಾನರ ಅಪ್ಪಣೆ! ಇವರಿಗೆ ಬೇಕಾದದ್ದು ನನ್ನ ಹಣವಲ್ಲ, ನಾನು ಸಾಲದಲ್ಲಿರುವುದು ಎಂದು ಆಗ ಹೊಳೆಯಿತು. ದಂಡ ಕಟ್ಟಿದೆ, ದಂಡದ ಮೇಲೆ ಟ್ಯಾಕ್ಸೂ ಕಟ್ಟಿದೆ. ಸಾಲ ತೀರಿದ ಪತ್ರ ಬರಲು ಹತ್ತು ದಿನವಂತೆ, ಅಲ್ಲಿಯವರೆಗೆ ಹೊಸ ಫೋನಿಲ್ಲ. ಬಸ್ಸಿನಲ್ಲಿ ಕೊಟ್ಟಿಗೆಹಾರ ದಾಟುವವರೆಗೂ ದಂಡದ ರಸೀದಿಯನ್ನು ಮಡಿಸುವುದು, ಬಿಚ್ಚುವುದು ಇದೇ ಮಾಡಿದೆ.

"ಸಾಲ ತೀರಿಸೋಕೆ ಬಂದವರನ್ನ ಹಿಡಿದಿಟ್ಕೊಳ್ಳೋದು ಮನುಷ್ಯರ ಲಕ್ಷಣವಾ?" ಎಂದು ಊಟಕ್ಕೆ ಕೂತಾಗ ನಮ್ಮವರನ್ನು ಕೇಳಿದೆ.

"ಅಲ್ಲವೇ ಅಲ್ಲ ಮಾರಾಯ್ತಿ. ಸ್ವಲ್ಪ ಸಾರು ಹಾಕು" ಎಂದರು.

ಆ ವಾರವೇ ಲೀಲಾ ಅಡಿಗೆಮನೆ ಬಾಗಿಲಿಗೆ ಬಂದು ನಿಂತಳು. ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲಿ ಆರು ವರ್ಷದಿಂದ ಇದ್ದವಳು, ಕಾಫಿ ಹಣ್ಣು ಕೊಯ್ಯುವುದರಲ್ಲಿ ಅವಳ ಕೈಗೆ ಸಮನಾದ ಕೈ ಇಲ್ಲ. ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಚಾಚಿದಳು. "ಮಳೆಗಾಲದಲ್ಲಿ ತಗೊಂಡ ಅಡ್ವಾನ್ಸು ಅಮ್ಮಾವ್ರೆ. ಪೂರ್ತಿ ಇದೆ, ಎಣಿಸ್ಕೊಳ್ಳಿ." ಈ ಅಡ್ವಾನ್ಸನ್ನು ಕೊಯ್ಲಿನ ಕೂಲಿಯಲ್ಲಿ ಸ್ವಲ್ಪಸ್ವಲ್ಪವೇ ಮುರಿದುಕೊಳ್ಳುವುದು ನಮ್ಮ ಕಡೆಯ ರೂಢಿ. ಅದು ತೀರುವ ತನಕ ಆಳು ಬೇರೆ ತೋಟಕ್ಕೆ ಹೋಗುವಂತಿಲ್ಲ. ಬಣಕಲ್ ಹತ್ತಿರದ ತೋಟವೊಂದರಲ್ಲಿ ಕೆಜಿ ಲೆಕ್ಕದಲ್ಲಿ ಒಳ್ಳೆಯ ಕೂಲಿಯಂತೆ, ಮಗಳ ಸ್ಕೂಲೂ ಹತ್ತಿರವಂತೆ.

ಗಿಡದಲ್ಲಿ ಹಣ್ಣು ಕೆಂಪಗೆ ಕೂತಿತ್ತು. ಇವಳು ಹೋದರೆ ಇನ್ನಿಬ್ಬರು ಹಿಂದೆಯೇ ಹೊರಡುತ್ತಾರೆ.

"ಇಷ್ಟು ಬೇಗ ಯಾಕೆ ಲೀಲಾ?" ಎಂದೆ. "ನಮ್ಮಿಂದ ಏನಾದ್ರೂ ತಪ್ಪಾಯ್ತಾ? ದುಡ್ಡು ಬೇಕಿದ್ರೆ ಇನ್ನೂ ಸ್ವಲ್ಪ ತಗೋ. ಗಂಡನ್ನ ಒಂದು ಮಾತು ಕೇಳಿದ್ಯಾ?"

"ಅವ್ರನ್ನ ಕೇಳೋದೇನು ಅಮ್ಮಾವ್ರೆ, ದುಡ್ಡು ನಂದಲ್ವಾ" ಎಂದಳು.

ನೋಟು ತೆಗೆದುಕೊಂಡೆ. ಎಣಿಸಿದೆ ಕೂಡ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಈ ವರ್ಷ ಮಳೆಗಾಲಕ್ಕೆ ಅಂತ ತೋಟದಿಂದ ಕೊಟ್ಟ ಕಂಬಳಿ ಇತ್ತಲ್ಲ, ಅದನ್ನ ಕೊಟ್ಟು ಹೋಗು" ಎಂದುಬಿಟ್ಟೆ. ದನಿ ಎತ್ತರಿಸಲಿಲ್ಲ, ಬಹಳ ಮೆತ್ತಗೇ ಹೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, "ಆಯ್ತು ಅಮ್ಮಾವ್ರೆ" ಎಂದಳು. ಮಾರನೆಯ ಬೆಳಿಗ್ಗೆ ಜಗಲಿಯ ಮೇಲೆ ಕಂಬಳಿ ಇತ್ತು. ಒಗೆದು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು. ಅಂಚು ಇನ್ನೂ ಹಸಿಯಿತ್ತು.

ಹತ್ತು ದಿನ ಕಳೆದು ಹೊಸ ಫೋನು ಬಂತು. ಕೋಣೆಯೊಳಗೆ, ಬಾಗಿಲು ಹಾಕಿಕೊಂಡು ಅಕ್ಕನಿಗೆ ಮಾಡಿದೆ. ಒಂದು ಗಂಟೆ ಹೊತ್ತು ಆ ಕಂಪನಿಯವರನ್ನು ಬಾಯಿ ತುಂಬ ಬೈದೆ. ಅಕ್ಕನೂ ಸೇರಿ ಬೈದಳು, "ಥೂ, ಏನ್ ಜನಾನೋ!" ಎಂದಳು. ಆಮೇಲೆ, "ಮತ್ತೇನೇ ಸಮಾಚಾರ?" ಎಂದಳು.

"ಏನಿಲ್ಲ ಅಕ್ಕ" ಎಂದೆ. ಲೈನು ಎಷ್ಟು ಸ್ಪಷ್ಟವಾಗಿತ್ತೆಂದರೆ, ನಾನು ಹೇಳಿದ್ದು ನನಗೇ ಇನ್ನೊಂದು ಸಲ ಕೇಳಿಸಿತು.